ಮಾವನ ಕಳ್ಳಿಗೆ ಕ್ಷೌರ

ಆ ಬೀದಿಯಲ್ಲಿ ಸಲೂನಿನವನನ್ನು ಎಲ್ಲರೂ ರೇಡಿಯೋ ಅಂತಲೇ ಕರೆಯುತ್ತಿದ್ದರು. ಬೆಳಿಗ್ಗೆ ಷಟರ್ ಎತ್ತುವಾಗ ಶುರುವಾದ ಮಾತು ಸಂಜೆ ಷಟರ್ ಇಳಿಸುವಾಗಲೂ ಮುಗಿದಿರುತ್ತಿರಲಿಲ್ಲ. ನಾಳೆಗೆ ಬೇಕಾಗುತ್ತದೆ ಅಂತ ಒಂದಿಷ್ಟು ಉಳಿಸಿಕೊಂಡೇ ಮನೆಗೆ ಹೋಗುತ್ತಿದ್ದ. ಕುರ್ಚಿಯಲ್ಲಿ ಕೂತು ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡ ಮೇಲೆ ಗಿರಾಕಿಗೆ ಎದ್ದು ಓಡುವ ದಾರಿಯೂ ಇಲ್ಲವಲ್ಲ. ಆದರೂ ಯಾರೂ ಬೇರೆ ಸಲೂನಿಗೆ ಹೋಗುತ್ತಿರಲಿಲ್ಲ. ಅವನ ಬಾಯಿ ಎಷ್ಟು ಓಡುತ್ತಿತ್ತೋ ಕೈ ಅಷ್ಟೇ ನಿಧಾನ, ಅಷ್ಟೇ ಹಗುರ. ಅವನ ಕೈಯಲ್ಲಿ ಗಾಯವಾದ ಕೆನ್ನೆ ಆ ಬೀದಿಯಲ್ಲಿ ಒಂದೂ ಇರಲಿಲ್ಲ.

ಇಂಥವನಿಗೆ ಸಿಕ್ಕಿದ ಮಾವ ಮಾತ್ರ ಉತ್ತರ ಧ್ರುವ. ಬದುಕಿಡೀ ಕನ್ನಡಕದಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು ಗಾಜು ಉಜ್ಜಿದ ಮನುಷ್ಯ. ಕೇಳಿದರೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಮಗಳ ಮದುವೆಯಾಗಿ ಇಷ್ಟು ವರ್ಷವಾದರೂ ಅಳಿಯನನ್ನು ಬಹುವಚನದಿಂದ ಕೆಳಗೆ ಇಳಿಸಿರಲಿಲ್ಲ. "ಬನ್ನಿ," "ಕೂತ್ಕೊಳ್ಳಿ," "ನೀವು ಊಟ ಮಾಡಿ" ಅಂತಲೇ. ಬೇರೆ ಅಳಿಯಂದಿರಾಗಿದ್ದರೆ ಎಂಥಾ ಮರ್ಯಾದೆ ಅಂತ ಹಿಗ್ಗುತ್ತಿದ್ದರು. ರೇಡಿಯೋಗೆ ಮಾತ್ರ ಆ 'ನೀವು' ಕೇಳಿದಾಗಲೆಲ್ಲ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನಿಂತಂತೆ ಅನ್ನಿಸುತ್ತಿತ್ತು. ಮಾವ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳಗೆ ಬಾರೋ ಅಂದಿರಲಿಲ್ಲ.

ಒಂದು ದಿನ ಮಾವ ತಾವಾಗಿಯೇ ಸಲೂನಿಗೆ ಬಂದರು. ತಲೆಯಲ್ಲಿ ಕತ್ತರಿಸುವಂಥದ್ದು ಏನೂ ಉಳಿದಿರದ ಮನುಷ್ಯ ಸಲೂನಿಗೆ ಯಾಕೆ ಬಂದರು ಅಂತ ರೇಡಿಯೋಗೆ ಗಾಬರಿ. ಅವರು ಬೀದಿಗೆ ಮುಖ ಮಾಡಿದ ದೊಡ್ಡ ಗಾಜಿನ ಮುಂದೆ ನಿಂತು, ನೆಲದ ಮೇಲೆ ಬಿದ್ದ ಬಿಸಿಲನ್ನೇ ನೋಡಿದರು.

"ಇಲ್ಲಿ ಬಿಸಿಲು ಎಷ್ಟು ಹೊತ್ತು ಇರುತ್ತೆ?"

"ಬೆಳಿಗ್ಗೆಯಿಂದ ಮಧ್ಯಾಹ್ನ ಇಳಿಯೋವರೆಗೂ ಇರುತ್ತೆ ಮಾವ. ಬನ್ನಿ, ಕುರ್ಚಿ ಹಾಕ್ತೀನಿ, ಬೆಚ್ಚಗೆ ಕೂತ್ಕೊಳ್ಳಿ."

"ನನಗಲ್ಲ," ಅಂದರು ಮಾವ.

ವಿಷಯ ಇಷ್ಟು. ಮಾವನ ಮನೆಯ ಬಾಲ್ಕನಿಗೆ ಎದುರಾಗಿ ಹೊಸ ಕಟ್ಟಡವೊಂದು ಎದ್ದು, ಇದ್ದಬದ್ದ ಬಿಸಿಲನ್ನೆಲ್ಲ ನುಂಗಿ ಹಾಕಿತ್ತು. ಬಾಲ್ಕನಿಯಲ್ಲಿ ಅವರು ಬೀಜದಿಂದ ಬೆಳೆಸಿದ ಮೂರು ಕಂಬಕಳ್ಳಿಗಳಿದ್ದವು. ಬ್ರೆಜಿಲ್ ದೇಶದವು. ಎತ್ತರದ ಮಣ್ಣಿನ ಕುಂಡಗಳಲ್ಲಿ, ಕೊಂಬೆಯಿಲ್ಲದೆ, ಎಲೆಯಿಲ್ಲದೆ, ನೆಟ್ಟಗೆ ನಿಂತ ಕಂಬಗಳು. ಬಣ್ಣ ಹಸಿರಲ್ಲ, ಬೂದಿ ಬಳಿದಂಥ ನೀಲಿ. ಮೈತುಂಬ ಹೊಂಬಣ್ಣದ ಮುಳ್ಳು. ಎಲ್ಲಕ್ಕಿಂತ ಎತ್ತರದ್ದು ರೇಡಿಯೋನ ಎದೆಮಟ್ಟಕ್ಕೆ ಬರುತ್ತಿತ್ತು.

ಅವನ್ನು ತಳ್ಳುಗಾಡಿಯಲ್ಲಿ ಸಲೂನಿಗೆ ತಂದ ದಿನ ಬೀದಿಗೆ ಬೀದಿಯೇ ಬಾಗಿಲಿಗೆ ಬಂದಿತ್ತು. ರೇಡಿಯೋ ಸಲೂನಿನ ಟವೆಲ್ಲುಗಳನ್ನೆಲ್ಲ ಕಂಬಗಳಿಗೆ ಸುತ್ತಿ, ಪಕ್ಕದಲ್ಲಿ ಹಿಡಿದುಕೊಂಡು, "ದಾರಿ ಬಿಡಿ, ಮಾವನ ಮಕ್ಕಳು ಬರ್ತಿದ್ದಾರೆ" ಅಂತ ಕೂಗುತ್ತ ನಡೆದ. ಗಾಜಿನ ಪಕ್ಕ ಹಲಗೆ ಹಾಸಿ, ಕುಂಡಗಳನ್ನು ಅದರ ಮೇಲೆ ಇಟ್ಟಿದ್ದಾಯಿತು. ನೆಲದ ತಂಪು ಬೇರಿಗೆ ತಾಕಬಾರದಂತೆ. ಆಮೇಲೆ ಮಾವ ತಮ್ಮ ಜೀವಮಾನದ ಅತಿ ದೊಡ್ಡ ಭಾಷಣ ಮಾಡಿದರು.

"ಕುಂಡ ತಿರುಗಿಸಬಾರದು. ಬೆಚ್ಚಗಿರಬೇಕು. ಚಳಿಗಾಲದಲ್ಲೂ ಸ್ವಲ್ಪ ನೀರು ಬೇಕು."

"ಚಳಿಯಲ್ಲಿ ನೀರು ಹಾಕಿದ್ರೆ ಕಳ್ಳಿ ಕೊಳೆತು ಹೋಗುತ್ತೆ ಅಂತಾರಲ್ಲ ಮಾವ?"

"ಬೇರೆಯವು ಕೊಳೀತವೆ. ಇವು ಚಳಿಗಾಲದಲ್ಲಿ ಹೂ ಬಿಡೋ ಜಾತಿ."

ಹೂವೇ? ಈ ಮುಳ್ಳುಕಂಬದಲ್ಲೇ? ರೇಡಿಯೋಗೆ ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ಮಾವನ ಬಾಯಿ ಮುಚ್ಚಿಯಾಗಿತ್ತು.

ಅಂದಿನಿಂದ ಮಾವ ದಿನಾ ಸಲೂನಿಗೆ ಬರತೊಡಗಿದರು. ಬಾಯ್ಲರಿನ ಬಿಸಿನೀರಿಗೆ ನಲ್ಲಿಯ ನೀರು ಬೆರೆಸಿ, ಕೂಸಿನ ಹಾಲು ನೋಡುವ ಹಾಗೆ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಆಮೇಲೆ ಕುಂಡಕ್ಕೆ. ಅದೂ ಮಣ್ಣು ಒಣಗಿ, ಬಿಸಿಲಿದ್ದ ದಿನ ಮಾತ್ರ. ನೀರು ಹಾಕಿ ಗಿರಾಕಿಗಳ ಬೆಂಚಿನ ತುದಿಯಲ್ಲಿ ಸ್ವಲ್ಪ ಹೊತ್ತು ಕೂರುವರು. ರೇಡಿಯೋ ಕತ್ತರಿ ಆಡಿಸುತ್ತ ಮಾತಾಡುವನು, ಮಾವ ಕಳ್ಳಿ ನೋಡುವರು. ಅವರು ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಆದರೆ ಅವರು ಬಂದಾಗ ರೇಡಿಯೋ ತನ್ನ ಒಳ್ಳೊಳ್ಳೆ ಕಥೆಗಳನ್ನೇ ಆರಿಸಿ ಹೇಳುತ್ತಿದ್ದ.

ಹೀಗೆ ನೋಡುನೋಡುತ್ತ ಅವನಿಗೊಂದು ವಿಷಯ ಕಣ್ಣಿಗೆ ಬಿತ್ತು. ಮಾವ ಹಾಕಿದ ನೀರು ಕೆಲವು ಸಲ ಕುಂಡದ ಆಚೆ ಬೀಳುತ್ತಿತ್ತು. ಬೆಂಚು ಹುಡುಕುವಾಗ ಕೈ ಮುಂದೆ ಮಾಡುತ್ತಿದ್ದರು. ಕನ್ನಡಕ ಒರೆಸಿದ್ದೇ ಒರೆಸಿದ್ದು. ಹೆಂಡತಿಗೆ ಹೇಳಿದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳು ಮಾರನೇ ದಿನವೇ ಅಪ್ಪನನ್ನು ಕಣ್ಣಿನ ಡಾಕ್ಟರ ಮುಂದೆ ಕೂರಿಸಿದಳು. ಎರಡೂ ಕಣ್ಣಿಗೆ ಪೊರೆ, ಒಂದಕ್ಕಂತೂ ಪೂರ್ತಿ ಬಲಿತಿತ್ತು. ಊರವರ ಕಣ್ಣಿಗೆಲ್ಲ ಗಾಜು ತಿದ್ದಿದ ಮನುಷ್ಯ, ನನಗೇ ಕಾಣ್ತಿಲ್ಲ ಅಂತ ಹೇಳಲು ನಾಚಿಕೆಪಟ್ಟು, ಕತ್ತಲಲ್ಲಿ ತಡಕಾಡಿದ ಹಾಗೆ ಓಡಾಡಿಕೊಂಡಿದ್ದರು. ಚಳಿಗಾಲ ಶುರುವಾಗುತ್ತಿದ್ದಂತೆ ಮೊದಲ ಕಣ್ಣಿನ ಆಪರೇಷನ್ ಎಂದು ನಿಶ್ಚಯವಾಯಿತು.

ಮಾವ ಆಸ್ಪತ್ರೆಗೆ ಹೋದ ಬೆಳಿಗ್ಗೆ ರೇಡಿಯೋ ಬೀದಿಯಲ್ಲಿ ನಿಂತು, ಬಹಳ ದಿನದಿಂದ ಧೂಳು ಹಿಡಿದ ಗಾಜು ಒರೆಸುತ್ತಿದ್ದ. ಆಗ ಎತ್ತರದ ಕಳ್ಳಿಯ ಬೀದಿಬದಿಯ ಮೈ ಕಂಡು, ಗಾಜಿಗೆ ಮೂಗು ಒತ್ತಿ ನೋಡಿದ. ತುದಿಯಿಂದ ಗೇಣುದ್ದ ಕೆಳಗಿನವರೆಗೆ, ಆ ಒಂದೇ ಪಕ್ಕಕ್ಕೆ, ಬೆಳ್ಳಗೆ ದಟ್ಟಗೆ ಏನೋ ಹಬ್ಬಿತ್ತು. ಒಳಗಿನಿಂದ ನೋಡಿದರೆ ನೀಲಿ ಕಂಬ, ಹೊರಗಿನಿಂದ ನೋಡಿದರೆ ಮುದುಕನ ಗಡ್ಡ. ಅಯ್ಯೋ, ಬೂಷ್ಟು! ಎಷ್ಟು ದಿನದಿಂದ ಹಿಡಿದಿದೆಯೋ. ಪಾಪ, ಮಾವನಿಗೆ ಕಣ್ಣು ಕಾಣದೆ ಗೊತ್ತೇ ಆಗಿಲ್ಲ. ನಾಳೆ ಕಣ್ಣು ಬಂದ ಮೇಲೆ ಮೊದಲು ಇದನ್ನೇ ನೋಡಿದರೆ ಆ ಜೀವ ಎಷ್ಟು ನೊಂದೀತು.

ಅವನಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಗಡ್ಡ ಅಂದಮೇಲೆ ಅದು ತನ್ನ ಕಸುಬು.

ಒಳಗೆ ಬಂದು, ಗಾಜಿನ ಬದಿಗೆ ತೂರಿ, ಕಳ್ಳಿಯ ಕೆಳಗೆ ಬಟ್ಟೆ ಹಾಸಿದ. ನೊರೆ ಕಲಸಲು ಹೋಗಿ, ಗಿಡಕ್ಕೆ ಸೋಪು ಆಗಲಿಕ್ಕಿಲ್ಲ ಅಂತ ಬಿಟ್ಟ. ಸಣ್ಣ ಕತ್ತರಿಯಿಂದ ಮೇಲುಮೇಲಿನ ಉದ್ದವನ್ನೆಲ್ಲ ತೆಗೆದ. ಆಮೇಲೆ ಟ್ರಿಮ್ಮರ್ ಹಿಡಿದು, ಮುಳ್ಳಿನ ಸಾಲುಗಳ ನಡುವೆ ನವಿರಾಗಿ, ಮೈಗೆ ತಾಕಿಯೂ ತಾಕದ ಹಾಗೆ ಕೆಳಗಿನಿಂದ ಮೇಲಕ್ಕೆ ಬಂದ. ಮದುಮಗನಿಗೂ ಅಷ್ಟು ಜೋಪಾನವಾಗಿ ಮಾಡಿರಲಿಲ್ಲ. ಬೆಳ್ಳನೆಯ ಉಣ್ಣೆ ಮುದ್ದೆಮುದ್ದೆಯಾಗಿ ಬಟ್ಟೆಯ ಮೇಲೆ ಬಿತ್ತು. ತುದಿಯ ಹತ್ತಿರ ಒಂದು ಹಿಡಿಯಷ್ಟು ಉಳಿದಿತ್ತು, ಅಷ್ಟರಲ್ಲಿ ಬಾಗಿಲು ತೆರೆದುಕೊಂಡು ಡ್ರಿಲ್ ಮಾಸ್ತರು ಬಂದರು. ಶಾಲೆಯಿಂದ ನಿವೃತ್ತಿಯಾದರೂ ಧ್ವನಿ ನಿವೃತ್ತಿಯಾಗಿರಲಿಲ್ಲ.

"ಏನಯ್ಯಾ, ಮನುಷ್ಯರು ಸಾಲದೆ ಹೋದರಾ? ಗಿಡಕ್ಕೂ ಕ್ಷೌರ ಶುರು ಮಾಡಿದೆಯಲ್ಲ!"

"ಬೂಷ್ಟು ಬಂದಿತ್ತು ಸಾರ್. ಮಾವನ ಕಣ್ಣಿನ ಪಟ್ಟಿ ಬಿಚ್ಚೋದರೊಳಗೆ ಅಲಂಕಾರ ಮಾಡಿಡೋಣ ಅಂತ."

"ಮಾವನ ಅಲಂಕಾರ ಆಮೇಲೆ ಮಾಡೋವಂತೆ. ಮೊದಲು ನನ್ನ ಮೀಸೆ ನೋಡು. ಮಧ್ಯಾಹ್ನ ಹೆಣ್ಣು ನೋಡೋಕೆ ಹೋಗಬೇಕು, ನನ್ನ ತಮ್ಮನ ಮಗನಿಗೆ."

ಮಾಸ್ತರ ಮೀಸೆಯ ಹಿಂದೆ ಇನ್ನೊಬ್ಬ ಗಿರಾಕಿ, ಅವನ ಹಿಂದೆ ಮತ್ತೊಬ್ಬ. ತುದಿಯ ಆ ಹಿಡಿಯುಣ್ಣೆ ಹಾಗೇ ಉಳಿಯಿತು. ಕೆಳಗೆ ಬಿದ್ದದ್ದು ಕಸದ ಜೊತೆ ಹೋಯಿತು.

ಸಂಜೆ ಮಗಳ ಮನೆಯಲ್ಲಿ ಮಾವ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಒಳಕೋಣೆಯಲ್ಲಿ ಮಲಗಿದ್ದರು. ಅಡುಗೆಮನೆಯಲ್ಲಿ ರೇಡಿಯೋ ಹೆಂಡತಿಗೆ ತನ್ನ ಸಾಹಸ ಹೇಳಿದ.

"ಬೆಳ್ಳಗೆ ಹತ್ತಿ ಥರ ಇತ್ತಾ?" ಅವಳ ಕೈಯಲ್ಲಿದ್ದ ಸೌಟು ನಿಂತಿತು. "ಒಂದೇ ಪಕ್ಕಕ್ಕೆ?"

"ಹೌದು ಕಣೇ. ಪೂರ್ತಿ ಕ್ಲೀನ್ ಮಾಡಿದೀನಿ. ಒಂದು ಗೀರಿಲ್ಲ."

ಅವಳು ಸೌಟು ಕೆಳಗಿಟ್ಟು, ತಲೆಯ ಮೇಲೆ ಕೈ ಹೊತ್ತು ಕೂತಳು. "ಅಯ್ಯೋ ರೀ! ಅದು ಬೂಷ್ಟಲ್ಲ. ಆ ಉಣ್ಣೆ ಬರಲಿ ಅಂತಾನೇ ಅಪ್ಪ ನಾನು ಲಂಗ ಹಾಕ್ಕೊಂಡು ಓಡಾಡ್ತಿದ್ದಾಗಿಂದ ಕಾಯ್ತಿರೋದು. ಗಿಡ ಬಲಿತ ಮೇಲೆ ಒಂದು ಪಕ್ಕಕ್ಕೆ ಉಣ್ಣೆ ಬರುತ್ತೆ. ಅದರೊಳಗಿಂದಲೇ ಹೂ ಬರೋದು!"

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಅಂದರೆ ಇದೇ. ರೇಡಿಯೋ ಒಳಕೋಣೆಯ ಕಡೆ ಹೆಜ್ಜೆ ಹಾಕಿದ. ಮನಸ್ಸಿನಲ್ಲಿದ್ದದ್ದನ್ನು ಒಳಗೇ ಇಟ್ಟುಕೊಳ್ಳುವ ಅಭ್ಯಾಸವೇ ಅವನಿಗಿರಲಿಲ್ಲ. ಹೆಂಡತಿ ಅಂಗಿಯ ಹಿಂಬದಿ ಹಿಡಿದು ಎಳೆದಳು.

"ಎಲ್ಲಿಗೆ ಹೊರಟ್ರಿ? ಕಣ್ಣು ಮಾಯೋವರೆಗೂ ಬಗ್ಗಬಾರದು, ಅಳಬಾರದು, ಮನಸ್ಸಿಗೆ ಬೇಜಾರು ಮಾಡ್ಕೋಬಾರದು ಅಂದಿದ್ದಾರೆ ಡಾಕ್ಟ್ರು. ಅಲ್ಲಿವರೆಗೂ ಕಳ್ಳಿ ವಿಷಯ ಎತ್ತಬೇಡಿ. ಆಣೆ."

ಆಣೆ ಹಾಕಿಯಾಯಿತು. ಆದರೆ ಕಳ್ಳಿ ಬಿಟ್ಟು ಬೇರೆ ಏನು ಮಾತಾಡಹೊರಟರೂ ಅದು ಸುತ್ತಿ ಬಳಸಿ ಕಳ್ಳಿಯ ಬುಡಕ್ಕೇ ಬರುತ್ತಿತ್ತು. ಹವೆ ಅಂದರೆ ಬಿಸಿಲು, ಬಿಸಿಲು ಅಂದರೆ ಗಾಜು, ಗಾಜು ಅಂದರೆ ಕಳ್ಳಿ. ಸಲೂನು ಅಂದರಂತೂ ಮುಗಿದೇಹೋಯಿತು. ಕೊನೆಗೆ ಅವನು ಬಾಯಿಗೆ ಬೀಗ ಹಾಕಿಕೊಂಡುಬಿಟ್ಟ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ, ಮಾವನ ಪಕ್ಕದಲ್ಲಿ ಕೂತು ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಬಿಡುತ್ತಿದ್ದ. ಹಗುರ ಕೈ ಅಲ್ಲವೇ, ರೆಪ್ಪೆ ಸರಿಸಿದ್ದೂ ಗೊತ್ತಾಗುತ್ತಿರಲಿಲ್ಲ.

ಮಾವನಿಗೆ ಕಾಣುತ್ತಿದ್ದದ್ದು ಕಡಿಮೆ, ಕೇಳಿಸುತ್ತಿದ್ದದ್ದು ಪೂರ್ತಿ. ಅಳಿಯನ ಬಾಯಿ ಬಂದ್ ಆದದ್ದು ಅವರಿಗೆ ಮನೆಯ ಗಡಿಯಾರ ನಿಂತ ಹಾಗಾಯಿತು.

"ಮೈ ಹುಷಾರಿಲ್ವಾ ನಿಮಗೆ?"

"ಹುಷಾರಾಗಿದೀನಿ ಮಾವ."

"ಮಗಳ ಜೊತೆ ಏನಾದ್ರೂ ಮಾತಿಗೆ ಮಾತು..."

"ಛೆ ಛೆ. ಇಲ್ಲ ಮಾವ."

ಮಾವ ಮಗ್ಗುಲು ಬದಲಿಸಿದರು. ಕೆಮ್ಮಿದರು. ಆ ಮೌನವನ್ನು ಯಾರಾದರೂ ತುಂಬಲೇಬೇಕಿತ್ತು, ಇದ್ದದ್ದು ಅವರಿಬ್ಬರೇ. ಹಾಗಾಗಿ ಮಾವನೇ ಮಾತು ಶುರು ಮಾಡಿದರು. ಮೊದಲು ಒಂದೊಂದೇ ಪದ, ತುಕ್ಕು ಹಿಡಿದ ನಲ್ಲಿಯಲ್ಲಿ ನೀರು ಬಂದ ಹಾಗೆ. ಆಮೇಲೆ ಧಾರೆ. ಹಡಗಿನಲ್ಲಿ ಅಡುಗೆ ಮಾಡುವವನೊಬ್ಬ ಕನ್ನಡಕ ಮಾಡಿಸಿಕೊಳ್ಳಲು ಬಂದದ್ದು, ಬದುಕಿನಲ್ಲಿ ಮೊದಲ ಸಲ ದೂರದ ಬೋರ್ಡು ಓದಿ ಖುಷಿಯಾಗಿ ಜೇಬಿನಿಂದ ಒಂದು ಚಿಟಿಕೆ ಬೀಜ ಕೊಟ್ಟದ್ದು, ಸಾಸಿವೆಗಿಂತ ಸಣ್ಣ ಬೀಜ. ಗಾಜಿನ ಲೋಟದಡಿ ಮೊಳಕೆ ಬರಿಸಿದ್ದು. ದಪ್ಪ ಮರಳಿಗೆ ಇಟ್ಟಿಗೆ ಚೂರು, ಎಲೆಗೊಬ್ಬರ ಬೆರೆಸುವ ಹದ ತಿಳಿಯದೆ ಎಷ್ಟೋ ಸಸಿ ಕೊಳೆತದ್ದು. ಚಳಿಗೆ ಹೆದರಿ ತಮ್ಮ ಮಫ್ಲರನ್ನೇ ಸುತ್ತಿದ್ದು.

"ನಿಮ್ಮತ್ತೆ ನಗ್ತಿದ್ದಳು, ನನಗೆ ನೆಗಡಿಯಾದರೂ ಪರವಾಗಿಲ್ಲ ನಿಮಗೆ ಅಂತ," ಅಂದರು ಮಾವ. ತಾವೂ ನಕ್ಕರು. ಆ ನಗು ರೇಡಿಯೋ ಕೇಳಿದ್ದು ಅದೇ ಮೊದಲು. "ಎಲ್ಲ ಗಿಡ ಮಲಗಿರೋ ಹೊತ್ತಲ್ಲಿ ಇವು ಹೂ ಬಿಡ್ತವಂತೆ. ಅದಕ್ಕೆ ಮುಂಚೆ ಉಣ್ಣೆ ಬರಬೇಕು. ಈ ವರ್ಷ ಬರಬಹುದು ಅನ್ಸುತ್ತೆ. ಕಣ್ಣು ಬಂದ ತಕ್ಷಣ ನೋಡಬೇಕು."

ಇಷ್ಟು ವರ್ಷ ಕಾದ ಮಾತು ಈಗ ತಾನಾಗಿ ಹರಿದು ಬರುತ್ತಿತ್ತು. ಒಂದೊಂದು ಮಾತೂ ರೇಡಿಯೋನ ಎದೆಗೆ ಒಂದೊಂದು ಮುಳ್ಳಾಗಿ ಇಳಿಯುತ್ತಿತ್ತು.

ಡಾಕ್ಟರು ಇನ್ನು ಹೊರಗೆ ಓಡಾಡಬಹುದು ಅಂದ ದಿನವೇ ಮಾವ ಸಲೂನಿಗೆ ಹೊರಟರು. ದಾರಿಯುದ್ದಕ್ಕೂ ಬೋರ್ಡುಗಳನ್ನು ಓದಿದರು, ತಂತಿಯ ಮೇಲಿನ ಹಕ್ಕಿ ತೋರಿಸಿದರು, ಅಳಿಯನ ಅಂಗಿಯ ಗುಂಡಿಯೊಂದು ಬೇರೆ ಬಣ್ಣದ್ದು ಅಂತ ಕಂಡುಹಿಡಿದರು. ಸಲೂನು ನಾಲ್ಕು ಮಾರು ದೂರವಿರುವಾಗ ರೇಡಿಯೋ ಅವರ ಮುಂದೆ ಹೋಗಿ ಅಡ್ಡ ನಿಂತ.

"ಮಾವ, ನೀವು ನೋಡೋಕೆ ಮುಂಚೆ ನಾನೇ ಹೇಳಿಬಿಡ್ತೀನಿ. ಉಣ್ಣೆ ಬಂದಿತ್ತು. ನಾನು ಬೂಷ್ಟು ಅಂದ್ಕೊಂಡೆ. ಬೋಳಿಸಿಬಿಟ್ಟೆ."

ಮಾವ ಅವನನ್ನೇ ನೋಡಿದರು. ಹೊಸ ಕಣ್ಣಿನಲ್ಲಿ ಆ ನೋಟ ತುಂಬ ಚೂಪಾಗಿತ್ತು.

"ಏನೋ ಮಾಡಿದೆ ನೀನು!" ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ಬುದ್ಧಿ ಎಲ್ಲಿಟ್ಟಿದ್ದೆಯೋ? ಗಡ್ಡ ಕಂಡದ್ದನ್ನೆಲ್ಲ ಬೋಳಿಸ್ತೀಯಾ? ಒಂದು ಮಾತು ಕೇಳೋಕೆ ಏನಾಗಿತ್ತೋ ನಿನಗೆ? ದಿನವಿಡೀ ವಟವಟ ಅಂತೀಯ, ಆವತ್ತೇ ಬಾಯಿ ಬಿದ್ದುಹೋಗಿತ್ತಾ?"

ರೇಡಿಯೋ ತಲೆ ತಗ್ಗಿಸಿ ನಿಂತ. ಕಣ್ಣಲ್ಲಿ ನೀರು. ಆದರೆ ಕಿವಿಗೆ ಮಾತ್ರ ಬೈಗಳಲ್ಲ, ಬೇರೆಯೇ ಏನೋ ಕೇಳಿಸುತ್ತಿತ್ತು. ಏನೋ ಅಂದರು. ನೀನು ಅಂದರು. ನಿನಗೆ ಅಂದರು.

ಮಾವ ಅವನನ್ನು ಪಕ್ಕಕ್ಕೆ ಸರಿಸಿ ದಡದಡ ನಡೆದರು. ಒಳಗೆ ಹೋಗಿ, ಕಳ್ಳಿ ಮತ್ತು ಗಾಜಿನ ನಡುವಿನ ಸಂದಿಯಲ್ಲಿ ಮೈ ತೂರಿಸಿ, ಜೇಬಿನಿಂದ ಹಳೇ ಭೂತಗನ್ನಡಿ ತೆಗೆದು ಬೋಳು ಮೈಯನ್ನು ಇಂಚಿಂಚಾಗಿ ನೋಡಿದರು. ಎಷ್ಟು ಹೊತ್ತು ನೋಡಿದರು ಅಂದರೆ, ರೇಡಿಯೋ ಆಗಲೇ ಒಂದು ಟವೆಲ್ಲನ್ನು ನಾಲ್ಕು ಸಲ ಮಡಚಿ ಬಿಚ್ಚಿದ್ದ.

"ಚರ್ಮಕ್ಕೆ ಬ್ಲೇಡು ತಾಗಿಸಿದೆಯಾ?"

"ಇಲ್ಲ ಮಾವ. ಬರೀ ಕತ್ತರಿ, ಟ್ರಿಮ್ಮರ್."

"ಒಂದು ಗೀರೂ ಇಲ್ಲ." ಮಾವನ ಧ್ವನಿ ಸ್ವಲ್ಪ ಇಳಿಯಿತು. ಬದುಕೆಲ್ಲ ಗೀರಿಲ್ಲದ ಗಾಜಿಗಾಗಿ ದುಡಿದವರು. "ಕೈ ಒಳ್ಳೇದು. ತಲೆ ಹೇಗಾದರೂ ಇರಲಿ." ಭೂತಗನ್ನಡಿ ಮೇಲೆ ಹೋಯಿತು. "ಇದನ್ಯಾಕೆ ಬಿಟ್ಟೆ, ಈ ಜುಟ್ಟು?"

"ಅಷ್ಟರಲ್ಲಿ ಡ್ರಿಲ್ ಮಾಸ್ತರು ಬಂದ್ರು."

"ಇನ್ನೊಂದು ಸಲ ಬಂದರೆ ಅವರಿಗೆ ನನ್ನ ಲೆಕ್ಕದಲ್ಲಿ ಒಂದು ಚಹಾ ಕೊಡು. ಇಲ್ಲಿ ಬಾ. ನೋಡು."

ಉಳಿದಿದ್ದ ಆ ಹಿಡಿಯುಣ್ಣೆಯ ಆಳದಲ್ಲಿ, ಸೂಜಿಯ ತುದಿಯಷ್ಟು ಕೆಂಪು ಚುಕ್ಕಿಗಳು ಗುಂಪಾಗಿ ಅವಿತು ಕೂತಿದ್ದವು.

ಆ ಮಧ್ಯಾಹ್ನ ಹೆಂಡತಿ ಹೆದರಿಕೊಂಡೇ ಫೋನ್ ಮಾಡಿದಳು. "ಅಪ್ಪ ಬೈದ್ರಾ?"

"ಬೈದ್ರು ಕಣೇ! ನಡುಬೀದಿಯಲ್ಲಿ! ಏನೋ ಅಂದ್ರು, ಬುದ್ಧಿ ಎಲ್ಲಿಟ್ಟಿದ್ದೆಯೋ ಅಂದ್ರು!" ಅವನ ಧ್ವನಿಯ ಸಂಭ್ರಮ ಕೇಳಿ, ಇವರಿಗೆ ನಿಜವಾಗಿಯೂ ಏನಾದರೂ ಆಯಿತೇ ಅಂತ ಅವಳಿಗೆ ಚಿಂತೆಯಾಯಿತು.

ಆ ವರ್ಷ ಚಳಿ ಜೋರಾಗಿಯೇ ಬಂತು. ಬೋಳಾದ ಮೈಗೆ ಹೊದಿಕೆ ಇಲ್ಲವಲ್ಲ ಅಂತ ಮಾವನಿಗೂ ಅಳಿಯನಿಗೂ ಒಂದೇ ಯೋಚನೆ. ಸಂಜೆ ಷಟರ್ ಇಳಿಸುವ ಮುಂಚೆ ರೇಡಿಯೋ ಗಿರಾಕಿಗಳಿಗೆ ಹೊದೆಸುವ ಬಟ್ಟೆಯನ್ನೇ ಮಡಚಿ ಕಳ್ಳಿಗೆ ಹೊದೆಸಿ, ಕತ್ತಿನ ಹತ್ತಿರ ಗಂಟು ಹಾಕುತ್ತಿದ್ದ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಬಿಚ್ಚುತ್ತಿದ್ದ. ಬೀದಿಯಲ್ಲಿ ಹೋಗುವವರು, ರೇಡಿಯೋ ಅಂಗಡಿಯಲ್ಲಿ ಒಬ್ಬ ಗಿರಾಕಿ ಮನೆಗೇ ಹೋಗಲ್ಲ ಅಂತ ನಗುತ್ತಿದ್ದರು.

ಮರಗಳೆಲ್ಲ ಎಲೆ ಉದುರಿಸಿ ಬರೀ ಕೊಂಬೆಗಳಾಗಿ ನಿಂತಿದ್ದ ಒಂದು ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ತುದಿಯ ಜುಟ್ಟಿನಲ್ಲಿ ಹೂಗಳಿದ್ದವು. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು. ಸಣ್ಣ ಕೊಳವೆಗಳ ಹಾಗೆ, ಗಾಢ ಗುಲಾಬಿ, ತುದಿಯಲ್ಲಿ ಬಾಯಿ ಬಿಟ್ಟ ಕಡೆ ಒಂಚೂರು ಹಳದಿ. ಬಿಳಿ ಉಣ್ಣೆಯಲ್ಲಿ ಒತ್ತೊತ್ತಾಗಿ ಸಿಕ್ಕಿಸಿಟ್ಟ ಹಾಗಿದ್ದವು. ಬೋಳಿಸಿದ ಜಾಗದಲ್ಲಿ ಒಂದೂ ಇರಲಿಲ್ಲ, ಅಲ್ಲಿ ಉಣ್ಣೆಯ ಕೂಳೆ ಈಗಷ್ಟೇ ಎದ್ದಿತ್ತು.

ರೇಡಿಯೋ ಮಾವನ ಮನೆಗೆ ಓಡಿದ. ಕತ್ತರಿ ಕೈಯಲ್ಲೇ ಇತ್ತು. ಕುರ್ಚಿಯಲ್ಲಿ ಅರ್ಧ ತಲೆ ಮುಗಿದ ಗಿರಾಕಿಯೊಬ್ಬ ಕೂತಿದ್ದ, ಅವನೂ ಬಟ್ಟೆ ಸಮೇತ ಎದ್ದು ಬಂದು ಹೂ ನೋಡುತ್ತ ನಿಂತ.

ಮಾವ ಬಂದು ನೋಡಿದರು. ಭೂತಗನ್ನಡಿ ತೆಗೆಯಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬರಿಗಣ್ಣಿನಿಂದ ಸುಮ್ಮನೆ ನೋಡುತ್ತ ನಿಂತರು. ರೇಡಿಯೋ ಪಕ್ಕದಲ್ಲಿ ನಿಂತ. ಅವನೂ ಏನೂ ಹೇಳಲಿಲ್ಲ, ಈ ಸಲ ಯಾರ ಆಣೆಯೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಡ್ರಿಲ್ ಮಾಸ್ತರು ಬಂದು, ಹೂ ನೋಡಿ, ತಮ್ಮ ಮೈದಾನದ ಧ್ವನಿಯಲ್ಲಿ ನಕ್ಕರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದು ಇದಕ್ಕೇ ನೋಡು! ಮೈಗೆ ಬಟ್ಟೆಯಿಲ್ಲ, ತಲೆಗೆ ಮಾತ್ರ ಅಲಂಕಾರ."

"ಹಿಟ್ಟಿಲ್ಲ ಅಂದ್ರೆ ಹೇಗೆ ಸಾರ್?" ಅಂದರು ಮಾವ. ಅಲ್ಲಿಂದ ಹಿಡಿದು ಮರಳು, ಇಟ್ಟಿಗೆ ಚೂರು, ಎಲೆಗೊಬ್ಬರ, ಬಿಸಿನೀರು, ಹಡಗಿನ ಅಡುಗೆಯವನು, ಎಲ್ಲವೂ ಬಂತು. ಮಾಸ್ತರ ಮೀಸೆ ಮುಗಿದರೂ ಕಥೆ ಮುಗಿಯಲಿಲ್ಲ. ಆಮೇಲೆ ಆಮೇಲೆ ಗಿರಾಕಿಗಳ ತಕರಾರು ಶುರುವಾಯಿತು: ಮೊದಲು ಒಂದು ಸ್ಟೇಷನ್ ಇತ್ತು, ಈಗ ಎರಡು, ಎರಡೂ ಒಟ್ಟಿಗೆ ಹಾಡ್ತವೆ.

ಚಳಿಗಾಲದ ಕೊನೆಕೊನೆಗೆ ಒಂದು ಸಂಜೆ ಹೆಂಡತಿ ಔಷಧಿ ಅಂಗಡಿಯಿಂದ ಬೇಗ ಹೊರಟು, ಇಬ್ಬರನ್ನೂ ಮನೆಗೆ ಕರೆದುಕೊಂಡು ಹೋಗೋಣ ಅಂತ ಸಲೂನಿಗೆ ಬಂದಳು. ಒಳಗೆ ಗಿರಾಕಿಗಳಿರಲಿಲ್ಲ. ಆದರೂ ಗಲಾಟೆ ಬೀದಿಗೆ ಕೇಳಿಸುತ್ತಿತ್ತು.

"ಮೋಡ ಇದೆ. ಇವತ್ತು ನೀರು ಬೇಡ ಅಂದೆ."

"ಮಣ್ಣು ಮುಟ್ಟಿ ನೋಡಿ ಮಾವ, ಒಣಗಿ ಕಲ್ಲಾಗಿದೆ. ಒಂದು ಲೋಟ, ಅರ್ಧ ಲೋಟ."

"ನಿನಗೇನು ಗೊತ್ತೋ? ಇವನ್ನ ಬೆಳೆಸಿದ್ದು ನೀನಾ ನಾನಾ?"

"ಬೆಳೆಸಿದ್ದು ನೀವು. ದಿನಾ ಬಟ್ಟೆ ಹೊದೆಸಿ ಮಲಗಿಸೋದು ಯಾರು? ಈಗ ಮಾತ್ರ ನಿಮ್ಮದಾ?"

"ಓಹೋ, ಬಂದುಬಿಟ್ಟ ದೊಡ್ಡ ತಾಯಿ! ಇಡೋ ಆ ಕೆಟಲ್ ಕೆಳಗೆ!"

"ಇಡಲ್ಲ."

ಬಾಗಿಲ ಹಿಡಿಯ ಮೇಲೆ ಅವಳ ಕೈಯಿತ್ತು. ಅವಳು ಕೈ ತೆಗೆದಳು. ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಚೀಲ ಇಟ್ಟು, ಸೆರಗು ಬಿಗಿಯಾಗಿ ಹೊದ್ದುಕೊಂಡು ಕೂತಳು. ಚಳಿ ಇತ್ತು, ಆದರೆ ಅವಸರವೇನೂ ಇರಲಿಲ್ಲ.